ಸಾಲದ ಲೆಕ್ಕ ಬೇರೆ, ಸೇಡಿನ ಲೆಕ್ಕ ಬೇರೆ

ನಮ್ಮ ಉಪನಗರದ ಕನ್ನಡ ಸಂಘದ ಮಹಿಳಾ ವಿಭಾಗದವರು ಅರಶಿನ ಕುಂಕುಮ ಕಾರ್ಯಕ್ರಮಕ್ಕೆ ನನ್ನನ್ನು ಕರೆದಿದ್ದರು. ಬ್ಯಾಂಕ್ ವ್ಯವಹಾರದ ಬಗ್ಗೆ ಗೃಹಿಣಿಯರಿಗೆ ನಾಲ್ಕು ಮಾತು ಹೇಳಬೇಕೆಂದು ಅಧ್ಯಕ್ಷೆಯವರ ಅಪೇಕ್ಷೆ. ವಿಚ್ಛೇದಿತೆಯಾದ ನನ್ನನ್ನು ಇಂಥ ಕಾರ್ಯಕ್ರಮಕ್ಕೆ ಕರೆಯಲು ಹಿಂದೆ ಹಿಂಜರಿಯುವವರಿದ್ದರು. ಈಗ ಆ ಮುಜುಗರ ಕಡಿಮೆಯಾಗಿದೆ, ಸಂತೋಷ. ನಾಮಿನಿ ಹಾಕಿಸುವುದು, ಎಟಿಎಂ ಪಿನ್ ಗುಟ್ಟಾಗಿಡುವುದು, ಜಂಟಿ ಖಾತೆ ಎಂದೆಲ್ಲ ಅರ್ಧ ಗಂಟೆ ಮಾತಾಡಿದೆ. ಉಪಾಹಾರದ ವೇಳೆಗೆ ಮೂವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು ಬಂದು ಬದಿಯಲ್ಲಿ ನಿಂತಳು.

"ಅಕ್ಕಾ, ಒಂದು ಮಾತು ಕೇಳಲಿಕ್ಕುಂಟು. ಎಲ್ಲರ ಎದುರು ಬೇಡ."

ಸಭಾಗೃಹದ ಮೆಟ್ಟಿಲಲ್ಲಿ ಕುಳಿತೆವು. ಅವಳು ಚೀಲದಿಂದ ಒಂದು ಲಕೋಟೆ ತೆಗೆದಳು. ಒಳಗೆ ಒಂದು ಚೆಕ್ಕು. ಸಹಿ ಇದೆ, ತಾರೀಕಿಲ್ಲ, ಹೆಸರಿಲ್ಲ, ಮೊತ್ತವಿಲ್ಲ. ಪರಸ್ಪರ ಒಪ್ಪಿಗೆಯಿಂದ ವಿಚ್ಛೇದನವಾಗಿ ಒಂದು ವರ್ಷವಾಗಿದೆಯಂತೆ. ಸಂಸಾರ ನೆಟ್ಟಗಿದ್ದಾಗ ಗಂಡನ ಟೂರಿಸ್ಟ್ ಕಾರಿನ ವ್ಯವಹಾರಕ್ಕೆಂದು ತನ್ನ ಹೆಸರಿನಲ್ಲಿ 4 ಲಕ್ಷ ರೂಪಾಯಿ ಪರ್ಸನಲ್ ಲೋನ್ ತೆಗೆದು ಕೊಟ್ಟಿದ್ದಾಳೆ. ಕಂತು ಇವತ್ತಿಗೂ ಇವಳ ಸಂಬಳದಿಂದಲೇ ಹೋಗುತ್ತಿದೆ. ಬೇರೆಯಾಗುವಾಗ ಆತ ಈ ಚೆಕ್ಕು ಕೊಟ್ಟು, ಸ್ವಲ್ಪ ಸಮಯ ಕೊಡು ಎಂದಿದ್ದನಂತೆ.

"ಇದರಲ್ಲಿ 10 ಲಕ್ಷ ಅಂತ ಬರೆದು ಹಾಕುತ್ತೇನೆ ಅಕ್ಕಾ. ಬೌನ್ಸ್ ಆದರೆ ಜೈಲು ಅಲ್ವಾ? ಬರುವ ತಿಂಗಳು ಅವನ ಎರಡನೇ ಮದುವೆ. ಆ ವಾರವೇ ಹಾಕಬೇಕು."

ಅವಳ ಮಾತಿನಿಂದ ನನಗೆ ಗಾಬರಿಯಾಗಲಿಲ್ಲ. 2012ರಲ್ಲಿ ನಾನೂ ಇದೇ ಲೆಕ್ಕ ಹಾಕಿದವಳು. ಈ ವಿಷಯವನ್ನು ಇದುವರೆಗೆ ಎಲ್ಲಿಯೂ ಹೇಳಿಕೊಂಡಿರಲಿಲ್ಲ. ಅವಳಿಗೆ ಮೆಟ್ಟಿಲ ಮೇಲೆ ಕುಳಿತು ಹೇಳಿದ್ದನ್ನೇ ಇಲ್ಲಿ ಓದುಗ ಬಾಂಧವರ ಮುಂದಿಡುತ್ತಿದ್ದೇನೆ. ನಮ್ಮ ಸಮಾಜದಲ್ಲಿ ಇಂಥ ಲಕೋಟೆ ಇಟ್ಟುಕೊಂಡವರು ಅವಳೊಬ್ಬಳೇ ಅಲ್ಲ ಎಂಬುದು ಕೌಂಟರಿನಲ್ಲಿ ಕುಳಿತವರಿಗೆ ಚೆನ್ನಾಗಿ ಗೊತ್ತು.

ಸೊಸೈಟಿ ಸಾಲ

ನಾನು ಊರಿನಿಂದ ಮುಂಬಯಿಗೆ ಬಂದದ್ದು 1987ರಲ್ಲಿ. ಹಗಲು ಕೋಟೆ ವಿಭಾಗದ ಒಂದು ಖಾಸಗಿ ಕಚೇರಿಯಲ್ಲಿ ಟೈಪಿಂಗ್ ಕೆಲಸ, ಸಂಜೆ ಕಾಲೇಜು. ಬಿಕಾಂ ಮುಗಿಸಿ ಬ್ಯಾಂಕ್ ಪರೀಕ್ಷೆ ಪಾಸಾಗಿ ಗುಮಾಸ್ತಳಾದೆ. 1996ರಲ್ಲಿ ಮದುವೆಯಾಯಿತು. ಅವರಿಗೆ ಕ್ಯಾಂಟೀನ್ ಗುತ್ತಿಗೆಯ ವ್ಯವಹಾರ. ದುಡಿಮೆಗಾರರು, ಅದನ್ನು ಇಲ್ಲವೆನ್ನಲಾರೆ. ಅವರ ಕರೆಂಟ್ ಖಾತೆಯನ್ನು ನಮ್ಮ ಬ್ಯಾಂಕಿನಲ್ಲೇ ತೆರೆಸಿದೆವು. ಅರ್ಜಿಯಲ್ಲಿ ಪರಿಚಯದಾರಳಾಗಿ ಸಹಿ ಹಾಕಿದವಳೂ ನಾನೇ.

2004ರಲ್ಲಿ ಅವರಿಗೆ ಒಂದು ದೊಡ್ಡ ಕ್ಯಾಂಟೀನು ಸಿಗುವುದಿತ್ತು. ಠೇವಣಿಗೆ ಹಣ ಸಾಲದು. ನಾನು ನಮ್ಮ ನೌಕರರ ಕ್ರೆಡಿಟ್ ಸೊಸೈಟಿಯಿಂದ 3 ಲಕ್ಷ ರೂಪಾಯಿ ಸಾಲ ತೆಗೆದು ಕೊಟ್ಟೆ. ಇಬ್ಬರು ಸಹೋದ್ಯೋಗಿಗಳು ಜಾಮೀನು ನಿಂತರು. ಕಂತು ನನ್ನ ಸಂಬಳದಿಂದ ಕಡಿತ, ಅವರು ಕೈಗೆ ಕೊಡುವುದು ಎಂಬ ಮಾತು. ಐದು ವರ್ಷಗಳಲ್ಲಿ ಅವರಿಂದ ಬಂದದ್ದು 60,000 ರೂಪಾಯಿ. ಆ ಹೊತ್ತಿಗೆ ಸಂಸಾರವೂ ಸಡಿಲಾಗಿತ್ತು. ಕಾರಣ ಇಲ್ಲಿ ಬೇಡ, ಎರಡೂ ಕಡೆ ಇತ್ತು.

2009ರಲ್ಲಿ ಒಪ್ಪಿಗೆಯ ವಿಚ್ಛೇದನವಾಯಿತು. ಆಗ ನಾನು ಮಾಡಿದ ತಪ್ಪು ಒಂದೇ, ಆದರೆ ದೊಡ್ಡದು. ಕೋರ್ಟಿಗೆ ಕೊಡುವ ಒಪ್ಪಿಗೆ ಪತ್ರದಲ್ಲಿ ಸಾಲದ ವಿಷಯ ಬರೆಸಲಿಲ್ಲ. ಬೇಗ ಮುಗಿದರೆ ಸಾಕು ಎನಿಸಿತ್ತು. ಹೊರಗೆ ಒಂದು ಕಾಗದದಲ್ಲಿ "2,40,000 ರೂಪಾಯಿ ಕೊಡಬೇಕಾಗಿದೆ" ಎಂದು ಬರೆದು ಸಹಿ ಮಾಡಿಕೊಟ್ಟರು. ಜೊತೆಗೆ ಒಂದು ಖಾಲಿ ಚೆಕ್ಕು. ಮುಂದಿನ ಎರಡು ವರ್ಷಗಳಲ್ಲಿ ಚೆಕ್ಕಿನ ಮೂಲಕ ಇನ್ನೂ 60,000 ಬಂತು. ಜುಲೈ 2011ರ ನಂತರ ನಿಂತಿತು. ಉಳಿದದ್ದು 1,80,000.

ಒಂದು ಕೀಲಿ ಒತ್ತುವಷ್ಟು ದೂರ

2012ರ ಜೂನ್ ತಿಂಗಳಲ್ಲಿ ಅವರು ನವಿ ಮುಂಬಯಿಯಲ್ಲಿ ಹೊಸ ಹೊಟೇಲು ತೆರೆದ ಸುದ್ದಿ ಬಂತು. ಗಣಹೋಮ, ಊಟ, ಊರಿನಿಂದ ನೆಂಟರು. ಮದುವೆಯೂ ಆಗಿತ್ತಂತೆ. ಸೊಸೈಟಿ ಸಾಲ ತೀರಿಸಲು ನಾನು ಇನ್ನೊಂದು ಸಾಲ ಮಾಡಿ, ರಜೆಯ ಹಣವನ್ನೂ ನಗದು ಮಾಡಿಕೊಂಡಿದ್ದ ವರ್ಷ ಅದು. ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ ಎಂಬ ಮಾತನ್ನು ಚಿಕ್ಕವಳಿದ್ದಾಗ ಕೇಳಿ ನಕ್ಕಿದ್ದೆ. ಅಂದು ನಗು ಬರಲಿಲ್ಲ.

ಸಾಮಾನ್ಯ ಜನರಿಗೆ ಸಿಟ್ಟು ಬಂದರೆ ಬೈಯುತ್ತಾರೆ. ಬ್ಯಾಂಕಿನವರಿಗೆ ಸಿಟ್ಟು ಬಂದರೆ ಲೆಕ್ಕ ಹಾಕುತ್ತಾರೆ. ನಾನೂ ಹಾಕಿದೆ. ಹೊಟೇಲಿನಲ್ಲಿ ಸಂಬಳ 7ನೇ ತಾರೀಕಿಗೆ, ದಿನಸಿ ಅಂಗಡಿಯ ಚೆಕ್ಕು 10ಕ್ಕೆ. ಖಾತೆಯಲ್ಲಿ ಹಣ ಯಾವ ದಿನ ತಳ ಮುಟ್ಟುತ್ತದೆ ಎಂದು ತಿಳಿದರೆ ಸರಿಯಾಗಿ ಅಂದೇ ಚೆಕ್ಕು ಹಾಕಬಹುದು. ಬಡ್ಡಿ, ಅವಮಾನ ಎಲ್ಲ ಸೇರಿಸಿ 5 ಲಕ್ಷ ಎಂದು ಬರೆದರೆ ಬೌನ್ಸ್ ಆಗುವುದು ಖಂಡಿತ. ಆಮೇಲೆ ಕೋರ್ಟು, ಸಮನ್ಸು. ತಿಳಿಯಬೇಕಾದ ದಿನವೋ ನನ್ನ ಎದುರಿನ ಕಂಪ್ಯೂಟರಿನಲ್ಲೇ ಇತ್ತು. ಖಾತೆ ಸಂಖ್ಯೆ ಬಾಯಿಪಾಠ.

ಒಂದು ದಿನ ಮಧ್ಯಾಹ್ನ ಸಂಖ್ಯೆಯ ಅರ್ಧ ಟೈಪ್ ಮಾಡಿಯೂ ಬಿಟ್ಟಿದ್ದೆ. ಅಷ್ಟರಲ್ಲಿ ಕೌಂಟರಿಗೆ ಒಬ್ಬ ಹೊಟೇಲ್ ಕಾರ್ಮಿಕರು ಬಂದರು, ನಮ್ಮ ಕುಂದಾಪುರದ ಕಡೆಯವರು. ಪಾಸ್‌ಬುಕ್ಕು ಮುಂದಿಟ್ಟು, "ಅಕ್ಕಾ, ಎಂಟ್ರಿ ಮಾಡಿ ಕೊಡಿ. ಇದರಲ್ಲಿ ಎಷ್ಟುಂಟು ಅಂತ ನನ್ನ ಅಣ್ಣನಿಗೆ ಮಾತ್ರ ಹೇಳಬೇಡಿ. ಮಗಳ ಮದುವೆಗೆ ಇಟ್ಟದ್ದು" ಎಂದರು. ಅವರ ಅಣ್ಣನೂ ನಮ್ಮ ಶಾಖೆಯ ಗ್ರಾಹಕ. ಅವರ ಗುಟ್ಟು ನನ್ನಲ್ಲಿ ಭದ್ರ ಎಂಬ ನಂಬಿಕೆಯಿಂದಲೇ ಅವರು ಅಲ್ಲಿ ಹಣ ಇಟ್ಟಿದ್ದರು. ನಾನು ಟೈಪ್ ಮಾಡಿದ್ದನ್ನು ಅಳಿಸಿ ಅವರ ಪಾಸ್‌ಬುಕ್ಕು ಎಂಟ್ರಿ ಮಾಡಿಕೊಟ್ಟೆ.

ಇದನ್ನು ನನ್ನ ದೊಡ್ಡತನವೆಂದು ಯಾರೂ ತಿಳಿಯಬಾರದು. ಹೆದರಿಕೆಯೂ ಇತ್ತು. ಯಾವ ನೌಕರ ಯಾವ ಖಾತೆ ತೆರೆದು ನೋಡಿದ ಎಂಬುದು ಸಿಸ್ಟಮ್‌ನಲ್ಲಿ ದಾಖಲಾಗುತ್ತದೆ. ಗ್ರಾಹಕರ ವ್ಯವಹಾರವನ್ನು ಗುಟ್ಟಾಗಿಡುವ ಹೊಣೆಯನ್ನು 1970ರ ಬ್ಯಾಂಕ್ ರಾಷ್ಟ್ರೀಕರಣ ಕಾಯ್ದೆಯ 13ನೇ ಕಲಮೇ ಬ್ಯಾಂಕುಗಳ ಮೇಲೆ ಹೊರಿಸಿದೆ. ಕೆಲಸಕ್ಕೆ ಸೇರುವ ದಿನ ನಾವೂ ಆ ಬಗ್ಗೆ ಸಹಿ ಹಾಕಿರುತ್ತೇವೆ. ಬ್ಯಾಂಕಿಂಗ್ ಪರೀಕ್ಷೆಗೆ ಓದುವವರೆಲ್ಲರಿಗೂ 1924ರ ಟೂರ್ನಿಯರ್ ಮೊಕದ್ದಮೆ ಗೊತ್ತು. ಇಂಗ್ಲೆಂಡಿನಲ್ಲಿ ಒಬ್ಬ ಗ್ರಾಹಕ ಬ್ಯಾಂಕಿಗೆ ಕೊಡಬೇಕಾದ ಸುಮಾರು 10 ಪೌಂಡಿನ ಬಾಕಿಯ ಕಂತು ತಪ್ಪಿಸಿದ. ಮ್ಯಾನೇಜರು ಅವನ ಕೆಲಸದ ಕಚೇರಿಗೆ ಫೋನ್ ಮಾಡಿ, ಅವನಿಗೆ ಜೂಜಿನ ಚಟ ಇರುವಂತಿದೆ ಎಂದುಬಿಟ್ಟರು. ಅವನ ಕೆಲಸ ಹೋಯಿತು. ಮೇಲಿನ ನ್ಯಾಯಾಲಯ ಗ್ರಾಹಕನ ಗುಟ್ಟು ಕಾಯುವುದು ಬ್ಯಾಂಕಿನ ಕರ್ತವ್ಯ ಎಂದಿತು. ಗಮನಿಸಿ, ಅಲ್ಲಿ ಸಾಲಗಾರನೇ ಬಾಕಿದಾರ, ಬ್ಯಾಂಕಿಗೆ ಹಣ ಬರಬೇಕಾದದ್ದೂ ನಿಜ. ಹಣ ಬರಬೇಕಾಗಿದೆ ಎಂದ ಮಾತ್ರಕ್ಕೆ ಎಲ್ಲವನ್ನೂ ಮಾಡುವ ಹಕ್ಕು ಬರುವುದಿಲ್ಲ.

ಸಹಿ ಇಲ್ಲದ ಒಂದು ಪತ್ರವನ್ನು ಆದಾಯ ತೆರಿಗೆ ಕಚೇರಿಗೆ ಹಾಕುವ ಯೋಚನೆಯೂ ಬಂದಿತ್ತು. ಬರೆದೂ ಇಟ್ಟಿದ್ದೆ. ಆದರೆ ಎಷ್ಟೋ ವರ್ಷ ರಾತ್ರಿ ಕುಳಿತು ಅವರ ಕ್ಯಾಂಟೀನಿನ ಲೆಕ್ಕ ಬರೆದ ಕೈ ನನ್ನದೇ. ಆ ಪುಸ್ತಕಗಳಲ್ಲಿ ಇದ್ದದ್ದು ನನ್ನದೇ ಅಕ್ಷರ. ಪತ್ರವನ್ನು ಹರಿದು ಹಾಕಿದೆ.

ವಕೀಲರು ಕೇಳಿದ ಪ್ರಶ್ನೆ

ಕೊನೆಗೆ ಪರಿಚಯದ ಕನ್ನಡಿಗ ವಕೀಲರೊಬ್ಬರ ಬಳಿ ಹೋದೆ. ಹಿರಿಯರು, ಹೆಚ್ಚು ಮಾತಿಲ್ಲ. ಕಾಗದ ಪತ್ರ ನೋಡಿ ಕೇಳಿದರು: "ನಿಮಗೆ ಹಣ ಬರಬೇಕೋ, ಅವರು ಹಾಳಾಗಬೇಕೋ? ಒಂದನ್ನು ಹೇಳಿ."

ನಾನು ಎರಡೂ ಎಂದೆ.

"ಹೊಟೇಲು ಮುಚ್ಚಿದರೆ ನಿಮ್ಮ ಹಣ ಎಲ್ಲಿಂದ ಬರುತ್ತದೆ? ನೀವು ಬ್ಯಾಂಕಿನವರು, ನಾನು ಹೇಳಬೇಕೇ?"

ಹೇಳಬೇಕಾಗಿರಲಿಲ್ಲ. ನಡೆಯುವ ವ್ಯವಹಾರದಿಂದ ಕಂತು ಬರುತ್ತದೆ, ಬೀಗ ಬಿದ್ದ ಅಂಗಡಿಯಿಂದ ನೋಟೀಸು ಮಾತ್ರ ವಾಪಸು ಬರುತ್ತದೆ. ಬೇರೆಯವರ ಸಾಲದ ವಿಷಯದಲ್ಲಿ ಪ್ರತಿದಿನ ಕಾಣುವ ಈ ಸತ್ಯ ನನ್ನ ಸಾಲದ ವಿಷಯದಲ್ಲಿ ಕಂಡಿರಲಿಲ್ಲ.

ಚೆಕ್ಕಿನಲ್ಲಿ ಉಳಿದ ಬಾಕಿಗಿಂತ ಒಂದು ರೂಪಾಯಿಯನ್ನೂ ಹೆಚ್ಚು ಬರೆಯಬಾರದು ಎಂದು ಅವರು ಕಟ್ಟುನಿಟ್ಟಾಗಿ ಹೇಳಿದರು. ಅವರ ಮಾತು ಎಷ್ಟು ಸರಿ ಎಂಬುದು ಆಮೇಲೆ ಸುಪ್ರೀಂ ಕೋರ್ಟಿನ ತೀರ್ಪುಗಳಿಂದ ಸ್ಪಷ್ಟವಾಯಿತು. ಬಾಕಿ ತೀರಿಸಲೆಂದು ಸ್ವಇಚ್ಛೆಯಿಂದ ಸಹಿ ಮಾಡಿ ಕೊಟ್ಟ ಖಾಲಿ ಚೆಕ್ಕನ್ನು ಪಡೆದವರು ಭರ್ತಿ ಮಾಡಿದರೂ ಅದು ಚೆಕ್ಕೇ ಎಂದು 2019ರಲ್ಲಿ ನ್ಯಾಯಾಲಯ ಹೇಳಿತು. ಆದರೆ 2022ರ ಇನ್ನೊಂದು ತೀರ್ಪಿನ ಪ್ರಕಾರ, ಚೆಕ್ಕು ಕೊಟ್ಟ ನಂತರ ಸ್ವಲ್ಪ ಹಣ ಸಂದಾಯವಾಗಿದ್ದರೆ ಅದನ್ನು ಚೆಕ್ಕಿನ ಮೇಲೆ ನಮೂದಿಸಬೇಕು. ಅದನ್ನು ಕಳೆಯದೆ ಪೂರ್ತಿ ಮೊತ್ತಕ್ಕೆ ಹಾಕಿದ ಚೆಕ್ಕು ಬೌನ್ಸ್ ಆದರೆ 138ನೇ ಕಲಮಿನ ಅಪರಾಧವಾಗುವುದಿಲ್ಲ. ಬಂದ ಹಣ ಕಳೆಯದಿದ್ದರೇ ಕೇಸು ಬೀಳುತ್ತದೆ ಎಂದ ಮೇಲೆ, ಇಲ್ಲದ ಸಾಲ ಸೇರಿಸಿದರೆ ಏನಾದೀತು ಯೋಚಿಸಿ. ನ್ಯಾಯ ಕೇಳಲು ಹೋದವರೇ ಮೋಸದ ದೂರಿಗೆ ಉತ್ತರಿಸುತ್ತ ನಿಲ್ಲಬೇಕಾದೀತು.

ಹಣ ಬಂತು

ವಕೀಲರ ಸಲಹೆಯಂತೆ ರಿಜಿಸ್ಟರ್ಡ್ ಪತ್ರ ಹಾಕಿದೆ. ಬೈಗುಳವಿಲ್ಲ, ಹಳೆಯ ಕಥೆಯಿಲ್ಲ. ಕೊಟ್ಟದ್ದು ಇಷ್ಟು, ಬಂದದ್ದು ಇಷ್ಟು, ಉಳಿದದ್ದು 1,80,000. ಕಂತಿನಲ್ಲಿ ಕೊಟ್ಟರೂ ಒಪ್ಪಿಗೆ ಎಂದಷ್ಟೇ. ಹದಿನೈದು ದಿನ ಉತ್ತರವಿಲ್ಲ. ಆಮೇಲೆ ಒಂದು ಚೆಕ್ಕು ಬಂತು, 20,000 ರೂಪಾಯಿಯದು. ಹಾಗೆ ಆರು ತಿಂಗಳು ಆರು ಚೆಕ್ಕು. ಏಳನೆಯ ತಿಂಗಳು ನಿಂತಿತು. ಉಳಿದದ್ದು 60,000.

2013ರಲ್ಲಿ ಆ ಖಾಲಿ ಚೆಕ್ಕನ್ನು ಕಪಾಟಿನಿಂದ ತೆಗೆದೆ. ಅರವತ್ತು ಸಾವಿರ ಮಾತ್ರ ಎಂದು ಬರೆದೆ. ಇಂಥ ತಾರೀಕಿಗೆ ಹಾಕುತ್ತೇನೆ, ಖಾತೆಯಲ್ಲಿ ಹಣ ಇರಲಿ ಎಂದು ಮುಂಚಿತವಾಗಿ ಪತ್ರ ಬರೆದೆ. ನಾನು ಕೆಲಸ ಮಾಡುವ ಶಾಖೆಯಲ್ಲಿ ಹಾಕದೆ ಬೇರೆ ಶಾಖೆಯ ಪೆಟ್ಟಿಗೆಗೆ ಹಾಕಿದೆ. ಚೆಕ್ಕು ಪಾಸಾಯಿತು.

ಸೊಸೈಟಿಗೆ ನಾನು ಕಟ್ಟಿದ ಬಡ್ಡಿ ಬರಲಿಲ್ಲ. ಅಸಲು ಪೂರ್ತಿ ಬಂತು. ಅಂದು ರಾತ್ರಿ ಮನಸ್ಸು ಹಗುರವಾಗಬಹುದೆಂದು ಕಾದೆ. ಆಗಲಿಲ್ಲ. ಸಿಟ್ಟು ಇದ್ದಲ್ಲೇ ಇತ್ತು. ಇಷ್ಟು ವರ್ಷ ಸಿಟ್ಟಿಗೆ ಕಾರಣ ಆ ಹಣ ಎಂದುಕೊಂಡಿದ್ದೆ. ಹಣ ಜಮೆಯಾದ ಮೇಲೆ ತಿಳಿಯಿತು, ಇವೆರಡೂ ಒಂದೇ ಖಾತೆಯಲ್ಲ. ಒಂದರ ಬಾಕಿಯನ್ನು ಇನ್ನೊಂದರಿಂದ ತೀರಿಸಲಾಗದು. ಸಿಟ್ಟು ಹೋಗಲು ಬೇರೆ ನಾಲ್ಕಾರು ವರ್ಷ ಬೇಕಾಯಿತು. ಅದಕ್ಕೆ ಅಕ್ಕನ ಮನೆ, ಭಜನೆ, ಸಂಘದ ಕೆಲಸ ನೆರವಾದವು. ಒಂದು ವೇಳೆ 5 ಲಕ್ಷ ಬರೆದಿದ್ದರೆ? ಕೇಸು ವರ್ಷಾನುಗಟ್ಟಲೆ ನಡೆಯುತ್ತಿತ್ತು, ತಿಂಗಳಿಗೊಮ್ಮೆ ಕೋರ್ಟಿನ ಮೊಗಸಾಲೆಯಲ್ಲಿ ಅವರ ಮುಖ ನೋಡಬೇಕಿತ್ತು, ನನ್ನ ಕೆಲಸಕ್ಕೂ ಕುತ್ತು ಬರುತ್ತಿತ್ತು.

ತಿಳಿದಿರಬೇಕಾದ ಸಂಗತಿಗಳು

ಹಾಗೆಂದು ಹಣ ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ಕೊಟ್ಟದ್ದನ್ನು ಕೇಳುವುದು ಸೇಡಲ್ಲ, ಹಕ್ಕು. ಅದಕ್ಕೆ ಅವಧಿಯೂ ಇದೆ. ಸಿಟ್ಟಿನಲ್ಲಿ ಕುಳಿತವರು ಹೆಚ್ಚಾಗಿ ಕಳೆದುಕೊಳ್ಳುವುದು ಈ ಅವಧಿಯನ್ನೇ.

ಕೈಸಾಲದ ವಸೂಲಿಗೆ ದಾವೆ ಹೂಡಲು 1963ರ ಕಾಲಮಿತಿ ಕಾಯ್ದೆಯಂತೆ ಸಾಮಾನ್ಯವಾಗಿ 3 ವರ್ಷ. ಅವಧಿ ಮುಗಿಯುವ ಮೊದಲು ಸಾಲಗಾರ ಬಾಕಿ ಇದೆ ಎಂದು ಬರೆದು ಸಹಿ ಮಾಡಿದರೆ, ಅಥವಾ ಸ್ವಲ್ಪ ಹಣ ಕೊಟ್ಟು ಅದಕ್ಕೆ ಅವನ ಕೈಬರಹ ಇಲ್ಲವೇ ಸಹಿಯ ದಾಖಲೆ ಇದ್ದರೆ, ಅಂದಿನಿಂದ ಮತ್ತೆ 3 ವರ್ಷ. ಆದ್ದರಿಂದ ಕಂತನ್ನು ನಗದಾಗಿ ಪಡೆಯದೆ ಚೆಕ್ಕಿನ ಮೂಲಕವೇ ಪಡೆಯಿರಿ. ನನ್ನ ವಿಷಯದಲ್ಲಿ ಜುಲೈ 2011ರ ಆ ಚೆಕ್ಕು ನನಗೆ 2014ರ ಜುಲೈವರೆಗೆ ಕಾಲ ಕೊಟ್ಟಿತ್ತು.

ಚೆಕ್ಕಿಗೆ ಅದರಲ್ಲಿ ಬರೆದ ತಾರೀಕಿನಿಂದ 3 ತಿಂಗಳ ಆಯುಸ್ಸು. ಏಪ್ರಿಲ್ 2012ಕ್ಕಿಂತ ಮೊದಲು 6 ತಿಂಗಳಿತ್ತು. ಬೌನ್ಸ್ ಆದ ಮಾಹಿತಿ ಬ್ಯಾಂಕಿನಿಂದ ಸಿಕ್ಕಿದ 30 ದಿನಗಳೊಳಗೆ ಲಿಖಿತ ನೋಟೀಸು ಕೊಡಬೇಕು. ನೋಟೀಸು ತಲುಪಿದ ಮೇಲೆ ಹಣ ಕೊಡಲು 15 ದಿನಗಳ ಅವಕಾಶ. ಕೊಡದಿದ್ದರೆ ಮುಂದಿನ ಒಂದು ತಿಂಗಳೊಳಗೆ ದೂರು. ಶಿಕ್ಷೆ 2 ವರ್ಷದವರೆಗೆ ಸೆರೆ ಅಥವಾ ಚೆಕ್ಕಿನ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ. ಇದೆಲ್ಲ ಕಾನೂನುಬದ್ಧ ಬಾಕಿ ಇದ್ದರೆ ಮಾತ್ರ. ಪ್ರೀತಿಯಲ್ಲಿ ಉಡುಗೊರೆಯಾಗಿ ಕೊಟ್ಟದ್ದು ಸಂಬಂಧ ಮುರಿದ ಮಾತ್ರಕ್ಕೆ ಸಾಲವಾಗುವುದಿಲ್ಲ. ಹೆಣ್ಣಿನ ಸ್ತ್ರೀಧನದ ವಿಷಯ ಬೇರೆ, ಅದು ಅವಳದೇ ಸೊತ್ತು.

ಸಾಲ ನಿಮ್ಮ ಹೆಸರಿನಲ್ಲಿದ್ದರೆ ಬ್ಯಾಂಕು ಕೇಳುವುದು ನಿಮ್ಮನ್ನೇ. "ನಾನೇಕೆ ಕಟ್ಟಲಿ, ತಿಂದವನು ಅವನು" ಎಂದು ಕಂತು ನಿಲ್ಲಿಸಿದರೆ ಸಿಬಿಲ್ ದಾಖಲೆ ಕೆಡುವುದು ನಿಮ್ಮದು. ಜಂಟಿ ಗೃಹಸಾಲವಾದರೆ ಇಬ್ಬರದೂ ಕೆಡುತ್ತದೆ. ಜಾಮೀನು ನಿಂತವರ ಹೊಣೆಯೂ ಸಾಲಗಾರನಷ್ಟೇ ಎಂದು 1872ರ ಕರಾರು ಕಾಯ್ದೆ ಹೇಳುತ್ತದೆ. ಆದರೆ ಕಟ್ಟಿದ ಹಣವನ್ನು ಸಾಲಗಾರನಿಂದ ವಸೂಲು ಮಾಡುವ ಹಕ್ಕನ್ನೂ ಅದೇ ಕಾಯ್ದೆ ಕೊಟ್ಟಿದೆ. ಮೊದಲು ಕಟ್ಟಿ ನಿಮ್ಮ ಹೆಸರು ಉಳಿಸಿಕೊಳ್ಳಿ, ರಸೀದಿ ಇಟ್ಟುಕೊಂಡು ಆಮೇಲೆ ಕೇಳಿ.

ಬೇರೆಯಾಗುವವರು ಕೊಡುಕೊಳ್ಳುವ ಲೆಕ್ಕವನ್ನೆಲ್ಲ ಒಪ್ಪಿಗೆ ಪತ್ರದಲ್ಲೇ ಬರೆಸಬೇಕು. ಅದು ಡಿಕ್ರಿಯ ಭಾಗವಾದರೆ ಜಾರಿಗೆ 12 ವರ್ಷಗಳ ಅವಕಾಶವಿದೆ. ವಕೀಲರ ಖರ್ಚಿಗೆ ಹೆದರುವ ಹೆಣ್ಣುಮಕ್ಕಳು ಒಂದು ಮಾತು ನೆನಪಿಡಿ: 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ನ್ಯಾಯಾಲಯದಲ್ಲೇ ಅದರ ಕಚೇರಿ ಇರುತ್ತದೆ. ಲೋಕ ಅದಾಲತಿನಲ್ಲಿ ಚೆಕ್ ಬೌನ್ಸ್ ಪ್ರಕರಣಗಳೂ ರಾಜಿಯಾಗುತ್ತವೆ.

ಮೆಟ್ಟಿಲ ಮೇಲೆ ಕುಳಿತ ಆ ಹುಡುಗಿ ಎಲ್ಲ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹಾಗಾದರೆ ಅವನು ಮಾಡಿದ್ದಕ್ಕೆ ಏನೂ ಇಲ್ಲವಾ ಅಕ್ಕಾ?" ಎಂದಳು.

ನನ್ನಲ್ಲಿ ಅದಕ್ಕೆ ಉತ್ತರವಿರಲಿಲ್ಲ. "ಕೊಟ್ಟದ್ದು 4 ಲಕ್ಷ. ಇದುವರೆಗೆ ಏನಾದರೂ ಕೊಟ್ಟಿದ್ದಾನಾ?" ಎಂದು ಕೇಳಿದೆ. ಎರಡು ಸಲ ಹತ್ತತ್ತು ಸಾವಿರ ಗೂಗಲ್ ಪೇ ಮಾಡಿದ್ದಾನೆ ಎಂದಳು. ಲಕೋಟೆಯ ಹಿಂಬದಿಯಲ್ಲಿ ಪೆನ್ನಿನಿಂದ ಕಳೆದು ತೋರಿಸಿದೆ: 3,80,000. ಮೊದಲು ನೋಟೀಸು, ಮದುವೆಯ ವಾರ ಬೇಡ ಎಂದೆ. ಹೂಂ ಎನ್ನಲಿಲ್ಲ, ಊಹೂಂ ಎಂದೂ ಹೇಳಲಿಲ್ಲ. ಅರಶಿನ ಕುಂಕುಮಕ್ಕೆ ಒಳಗಿನಿಂದ ಕರೆದರು. ಲಕೋಟೆಯನ್ನು ಚೀಲದೊಳಗಿಟ್ಟು ನನ್ನ ಜೊತೆ ಎದ್ದು ಬಂದಳು.

ಮೊನ್ನೆ ಅವಳ ಫೋನ್ ಬಂದಿತ್ತು. ಜಿಲ್ಲಾ ಕೋರ್ಟಿನ ಉಚಿತ ಕಾನೂನು ನೆರವಿನ ಕಚೇರಿ ಎಷ್ಟು ಗಂಟೆಗೆ ತೆರೆಯುತ್ತದೆ ಎಂದು ಕೇಳಿದಳು.